ಎರಡನೇ ನಂಬರಿನ ನೋವು

ನೂಲಿಗೆ ನಂಬರ್ ಇರುತ್ತದೆ. ನೇಕಾರರಲ್ಲದವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಂಬರ್ ದೊಡ್ಡದಾದಷ್ಟೂ ನೂಲು ಸಣ್ಣ. ನೂರನೇ ನಂಬರ್ ಅಂದರೆ ಕೂದಲೆಳೆ. ಇಪ್ಪತ್ತನೇ ನಂಬರ್ ಅಂದರೆ ದಪ್ಪ, ಒರಟು. ಹತ್ತನೇ ನಂಬರ್ ಅಂದರೆ ಹಗ್ಗದ ತಮ್ಮ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹಾಗೆ ಯಾಕೆ ಎಂದು ನಾನು ಯಾರನ್ನೂ ಕೇಳಿದವನಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟವನು. ಕೇಳುವುದು ಅಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ, ಅದು ನನಗೆ ಆಗಿಬರುತ್ತಿರಲಿಲ್ಲ.

ನನ್ನ ಹೆಂಡತಿ ಬಾದಾಮಿ ಕಡೆಯ ನೇಕಾರರ ಮನೆಯವಳು. ಆ ಮನೆಯಲ್ಲೂ ಇದೇ ಲೆಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರಿಗೆ ಮಾತಾಡಲು ನೂಲು ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ನಾನು ಮಗ್ಗದಲ್ಲಿ, ಅವಳು ಪಕ್ಕದಲ್ಲಿ ರಾಟಿ ತಿರುಗಿಸುತ್ತ. ಒಂದು ಸಲ ಅವಳಿಗೆ ಜ್ವರ ಬಂದಾಗ ನಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಅವಳು ಒಂದು ತುಣುಕು ಮುರಿದು ನೋಡಿ, "ಏನ್ರಿ ಇದು? ಹತ್ತನೇ ನಂಬರ್ ರೊಟ್ಟಿ! ಇದನ್ನ ತಿನ್ನಾಕ ಹಲ್ಲ ಸಾಲಂಗಿಲ್ಲ, ಕೊಡ್ಲಿ ಬೇಕು" ಅಂದಳು. ನನಗೆ ಸಿಟ್ಟು ಬರಬೇಕಾಗಿತ್ತು. ನಗು ಬಂತು.

ಅಲ್ಲಿಂದ ಶುರುವಾಯಿತು. ತೊಟ್ಟಿಲಲ್ಲಿ ಮಗಳು ಸಣ್ಣ ದನಿಯಲ್ಲಿ ಅತ್ತರೆ, "ನೂರನೇ ನಂಬರ್ ಅಳು ಬಂತು ನೋಡ್ರಿ" ಅನ್ನುವಳು. ನಾನು ಯಾರ ಮೇಲೋ ರೇಗಿ ಮನೆಗೆ ಬಂದ ದಿನ, "ಇವತ್ತ ನಿಮ್ಮಪ್ಪಂದು ಇಪ್ಪತ್ತನೇ ನಂಬರ್. ಹಂತೇಕ ಹೋಗಬ್ಯಾಡ" ಎಂದು ಮಗಳಿಗೆ ಒಳಗಿನಿಂದಲೇ ಎಚ್ಚರಿಕೆ. ತಲೆನೋವು ಎಷ್ಟಿದೆ ಎಂದು ಕೇಳಿದರೆ, "ಎಂಬತ್ತನೇದು. ಇದ್ರೂ ಇದ್ದಂಗ, ಇಲ್ದಿದ್ರೂ ಇಲ್ಲದಂಗ." ಇದು ಚಾಷ್ಟಿಗೆ, ತಮಾಷೆಗೆ ಶುರುವಾದ ಮಾತು. ಮೂವತ್ತು ವರ್ಷ ಬಳಸಿದ ಮೇಲೆ ಅದು ಚಾಷ್ಟಿ ಎಂಬುದೇ ಮರೆತುಹೋಗಿತ್ತು. ಸಂಕಟ ದೊಡ್ಡದಾದರೆ ನಂಬರ್ ಸಣ್ಣದಾಗುತ್ತದೆ. ನೀರು ಇಳಿಜಾರಿಗೆ ಹರಿಯುತ್ತದೆ ಅನ್ನುವಷ್ಟೇ ಅದು ನಮಗೆ ಖರೆ.

ಎರಡು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಊರಿನ ದವಾಖಾನೆಯವರು ಬಾಗಲಕೋಟೆಗೆ ಕಳಿಸಿದರು. ಹುನಗುಂದ, ಕಮತಗಿ, ಶಿರೂರು ದಾಟಿ ಬಸ್ಸು ಹೋಗುವವರೆಗೂ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಗುಂಡಿ ಬಂದಾಗಲೆಲ್ಲ ಕಣ್ಣು ಮುಚ್ಚುವಳು. ಬಾಯಿಂದ ಒಂದು ಸದ್ದಿಲ್ಲ.

ಅಲ್ಲಿಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರಂತೆ. ತೆಗೆಸಿದ್ದ ಹೊಟ್ಟೆಯ ಫೋಟೋಗಳನ್ನೆಲ್ಲ ನೋಡಿ ನನ್ನನ್ನು ಹೊರಗೆ ಕರೆದರು.

"ಆಪರೇಷನ್ ಮಾಡುವ ಹಂತ ದಾಟಿಹೋಗಿದೆ, ಯಜಮಾನರೇ. ಸುಳ್ಳು ಹೇಳುವುದಿಲ್ಲ. ಇನ್ನು ನಮ್ಮ ಕೈಯಲ್ಲಿರುವುದು ಅವರಿಗೆ ನೋವಾಗದಂತೆ ನೋಡಿಕೊಳ್ಳುವುದು. ಅದನ್ನು ಮಾತ್ರ ಚೆನ್ನಾಗಿ ಮಾಡಬಹುದು."

ಅಂದರೆ ಉಳಿದದ್ದು ಅದೊಂದೇ. ನಾನು ತಲೆ ಅಲ್ಲಾಡಿಸಿದೆ. ಒಳಗೆ ಬಂದು ಅವರು ಅವಳ ಮಂಚದ ಪಕ್ಕ ನಿಂತರು. ಅವತ್ತು ಆ ವಾರ್ಡಿನಲ್ಲಿ ಮಂಚ ಸಾಲದೆ ನೆಲದ ಮೇಲೂ ಜನ ಮಲಗಿದ್ದರು. ಡಾಕ್ಟರನ್ನು ಇನ್ನೊಂದು ಕಡೆಯಿಂದ ಯಾರೋ ಕರೆಯುತ್ತಿದ್ದರು.

"ಅಮ್ಮಾ, ನೋವು ಎಷ್ಟಿದೆ? ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳಿ."

ಅವಳು ನನ್ನ ಮುಖ ನೋಡಿದಳು. ನಂಬರ್ ಎಂಬ ಮಾತು ಕೇಳಿ ಅವಳಿಗೆ ಸ್ವಲ್ಪ ಧೈರ್ಯ ಬಂದದ್ದು ನನಗೆ ಕಂಡಿತು. ಈ ದೊಡ್ಡ ಊರಿನ ದವಾಖಾನೆಯಲ್ಲಿ ಅವಳಿಗೆ ಗೊತ್ತಿರುವ ಒಂದು ಪ್ರಶ್ನೆ ಬಂದಿತ್ತು.

"ಎರಡ್ರಿ" ಅಂದಳು.

"ಸರಿ" ಎಂದು ಅವರು ಕಾಗದದ ಮೇಲೆ ಬರೆದುಕೊಂಡು ಹೋದರು.

ಅವರು ಹೋದ ಮೇಲೆ ನಾನು ಅವಳ ಹತ್ತಿರ ಬಗ್ಗಿ, "ಎರಡೇನ? ಅಷ್ಟು ದಪ್ಪೈತಿ?" ಅಂದೆ. ಎರಡನೇ ನಂಬರಿನ ನೂಲನ್ನು ನಾವು ಜನ್ಮದಲ್ಲಿ ಮಗ್ಗಕ್ಕೆ ಏರಿಸಿದವರಲ್ಲ, ಜಮಖಾನೆಗೂ ಅದು ದಪ್ಪವಾದೀತು.

"ಒಂದು ಅನ್ನೂದಿತ್ತು. ಇದಕ್ಕಿಂತ ದಪ್ಪ ಬಂದ್ರ ಆಮ್ಯಾಗ ಏನ ಹೇಳ್ಲಿ ಅಂತ ಒಂದನ್ನ ಇಟ್ಟಕೊಂಡೇನ್ರಿ" ಅಂದಳು. ಅಂಥದ್ದರಲ್ಲೂ ಅವಳಿಗೆ ಆ ಮಾತು ಬಂತು.

ದಿನಾ ಎರಡು ಹೊತ್ತು ಒಬ್ಬ ಸಿಸ್ಟರ್ ಬಂದು ಕೇಳುವಳು. ನಮ್ಮ ಕಡೆಯ ಹುಡುಗಿಯೇ, ಮಾತು ಮೆತ್ತಗೆ. "ಅಕ್ಕಾರ, ಇವತ್ತ ಎಷ್ಟ್ರಿ?"

"ಎರಡವಾ."

"ಛಲೋ. ಗುಳಿಗಿ ತಗೋರಿ, ಆರಾಮ ಮಲಗ್ರಿ."

ಅವಳು ಎಲ್ಲ ಮಂಚದವರಿಗೂ ಛಲೋ ಅನ್ನುತ್ತಿದ್ದಳು, ಕಾಲು ಕಳೆದುಕೊಂಡವನಿಗೂ ಅಂದದ್ದನ್ನು ನಾನೇ ಕೇಳಿದ್ದೇನೆ. ಅದು ಅವಳ ಮಾತಿನ ಚಾಳಿ ಎಂದುಕೊಂಡೆ. ಆದರೆ ಗುಳಿಗೆ ಒಂದೇ. ಬಿಳಿಯದು, ಅರ್ಧ ತಾಸು ಸ್ವಲ್ಪ ಸಮಾಧಾನ, ಆಮೇಲೆ ಮತ್ತೆ ನನ್ನ ಹೆಂಡತಿ ಸೀರೆಯ ಸೆರಗನ್ನು ಬಾಯಲ್ಲಿ ತುರುಕಿ ಕಚ್ಚಿಕೊಳ್ಳುವಳು. ಪರಗಂಡಸರು ಇರುವ ಕಡೆ ನರಳಬಾರದು ಎಂದು ಅವಳ ತವರಿನಲ್ಲಿ ಕಲಿಸಿದ್ದರು. ಸಿಸ್ಟರ್ ಬರುವ ಸದ್ದು ಕೇಳಿದರೆ ಸೆರಗು ತೆಗೆದು ಮುಖ ಒರೆಸಿಕೊಳ್ಳುವಳು. ಮುಖ ಒರೆಸಿಕೊಂಡ ಹೆಂಗಸು ಎರಡು ಅಂದರೆ ನೋಡುವವರಿಗೆ ಏನು ಅನ್ನಿಸಬೇಕು?

ಅದೆಲ್ಲ ಈಗ ತಿಳಿಯುತ್ತದೆ. ಆಗ ನಾನು ಯೋಚಿಸಿದ್ದು ಬೇರೆ. ಎರಡು ಎಂದು ಹೇಳಿದ ಮೇಲೂ ಇವರು ಒಂದೇ ಗುಳಿಗೆ ಕೊಡುತ್ತಾರೆ ಅಂದರೆ ಇದಕ್ಕಿಂತ ದೊಡ್ಡ ಮದ್ದು ಇವರ ಹತ್ತಿರ ಇಲ್ಲ. ಇದ್ದರೆ ಕೊಡದೆ ಇರುತ್ತಾರೆಯೇ? ಹಾಗೆ ತೀರ್ಮಾನ ಮಾಡಿ ನಾನು ಅವಳಿಗೆ, "ತಡಕೋ. ಇದರ ಮ್ಯಾಲೆ ಇವರ ಹಂತೇಕೂ ಏನಿಲ್ಲ. ತಡಕೋಬೇಕು" ಅಂದೆ. ಒಂದು ಸಲವಲ್ಲ, ದಿನಾ ಅಂದೆ. ಅವಳು ಹೂಂ ಅನ್ನುವಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಹೋಗಿ ಕೇಳಬಹುದಿತ್ತು. ವಾರ್ಡಿನ ಬಾಗಿಲಲ್ಲೇ ಸಿಸ್ಟರುಗಳ ಮೇಜು. ಮೊದಲ ದಿನ ಅಲ್ಲಿ ಒಬ್ಬ ಗುಮಾಸ್ತ ನನ್ನ ಮುಂದೆ ಇಂಗ್ಲಿಷಿನ ಕಾಗದ ಇಟ್ಟು, "ಓದಾಕ ಬರ್ತೈತೇನ್ರಿ, ಇಲ್ಲಾ ಹೆಬ್ಬೆಟ್ಟ ಒತ್ತತೀರಿ?" ಅಂದಿದ್ದ. ಸುತ್ತ ಹತ್ತು ಜನ. "ನಂದು ಸಹಿ ಐತಿ" ಎಂದು ಪೂರಾ ಹೆಸರು ಬರೆದುಕೊಟ್ಟು ಬಂದವನು ಮತ್ತೆ ಆ ಮೇಜಿನ ಹತ್ತಿರ ಹೋಗಲಿಲ್ಲ. ಮದ್ದು ತರುವಾಗಲೂ ಗೋಡೆಯ ಕಡೆ ಮುಖ ಮಾಡಿಕೊಂಡು ದಾಟುವೆ. ನಾನು ದುಡಿದು ತಿಂದವನು, ಯಾರ ಮುಂದೆಯೂ ಬಾಗಿದವನಲ್ಲ ಎಂಬ ಹೆಮ್ಮೆ. ಆ ಹೆಮ್ಮೆಗೆ ಸೆರಗು ಕಚ್ಚಿಕೊಂಡವಳು ಅವಳು.

ಮಗಳನ್ನು ಹುನಗುಂದಕ್ಕೆ ಕೊಟ್ಟಿದ್ದೇವೆ. ಡಿಗ್ರಿ ಓದಿದ್ದಾಳೆ. ದಿನ ಬಿಟ್ಟು ದಿನ ನುಚ್ಚು, ಮಜ್ಜಿಗೆ ಕಟ್ಟಿಕೊಂಡು ಬಸ್ಸಿಗೆ ಬರುವಳು. ಒಂದು ವಾರವಾದ ಮೇಲೆ ಒಂದು ದಿನ ಸಿಸ್ಟರ್ ಹತ್ತಿರ ಮಾತಾಡಿ ಬಂದು ನನ್ನ ಪಕ್ಕ ಕೂತಳು.

"ಅಪ್ಪಾ, ಅವ್ವ ದಿನಾ ಎರಡ ಅಂತಾಳಂತ. ಛಲೋ ಆತಲ್ಲ?"

"ಏನ ಛಲೋ ಆತು?" ನಾನು ರೇಗಿದೆ. "ಎರಡ ಅಂತಾಳ, ನಿನಗ ಛಲೋ ಅನಸ್ತೈತಿ? ಹಡದವ್ವ ಅಲ್ಲೇನ ಅಕಿ?"

ಅವಳು ಗಾಬರಿಯಾಗಿ ನನ್ನನ್ನೇ ನೋಡಿದಳು. "ನಾ ಏನಂದ್ನಿ ಅಂತ ಹಿಂಗ ಮೈಮ್ಯಾಲ ಬರ್ತೀಯಪ್ಪಾ?" ಎಂದು ಕಣ್ಣು ತುಂಬಿಕೊಂಡು ಡಬ್ಬಿ ತೊಳೆಯಲು ಎದ್ದು ಹೋದಳು. ಅಪ್ಪನಿಗೆ ಸಂಕಟದಲ್ಲಿ ತಲೆ ನೆಟ್ಟಗಿಲ್ಲ ಎಂದು ಅವಳು ತಿಳಿದುಕೊಂಡಳು. ಓದಿದವಳಿಗೆ ಕರುಳಿಲ್ಲ ಎಂದು ನಾನು ತಿಳಿದುಕೊಂಡೆ. ಆ ಹೊತ್ತು ಇಬ್ಬರಲ್ಲಿ ಒಬ್ಬರು ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಹನ್ನೊಂದನೆಯ ದಿನ ಹೆಂಡತಿಯ ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ನೀರನ್ನು ಸೂಜಿ ಹಾಕಿ ತೆಗೆದರು. ಮರುದಿನ ಬೆಳಿಗ್ಗೆ ಅವಳ ಮುಖವೇ ಬೇರೆ. ಎದ್ದು ದಿಂಬಿಗೆ ಒರಗಿ ಕೂತು, ತಲೆ ಬಾಚಿಕೊಡಿರಿ ಎಂದು ನನ್ನನ್ನು ಕೇಳಿದಳು. ನನಗೆ ಹೆಣ್ಣಿನ ತಲೆ ಬಾಚಿ ಗೊತ್ತಿಲ್ಲ. "ಮಗ್ಗದ ಹಾಸಿನ ಎಳಿ ಬಿಡಸ್ದಂಗ ಬಿಡಸ್ರಿ, ಅಷ್ಟ. ಜಗ್ಗಬ್ಯಾಡ್ರಿ" ಎಂದು ನಕ್ಕಳು. ಪಕ್ಕದ ಮಂಚದ ಹೆಂಗಸೂ ನಕ್ಕಳು. "ಇವತ್ತ ಮಗಳು ಬರೂ ದಿನ. ಅಕಿಗೂಡ ಕುಂತು ಒಂದೀಟ ಮಾತಾಡಬೇಕ್ರಿ. ಇಷ್ಟ ದಿನ ಅಕಿ ಬಂದಾಗೆಲ್ಲಾ ನಾ ಮಾರಿ ಗ್ವಾಡಿ ಕಡೆ ಮಾಡೀನಿ" ಅಂದಳು.

ಅಷ್ಟರಲ್ಲಿ ಸಿಸ್ಟರ್ ಬಂದಳು. "ಅಕ್ಕಾರ, ಇವತ್ತ ಎಷ್ಟ್ರಿ?"

"ಇವತ್ತ ಎಂಟವಾ ತಂಗಿ! ಎಂಟು!" ಅವಳು ಅದನ್ನು ಹೇಳಿದ ರೀತಿ, ಮಗ ಹುಟ್ಟಿದ ಸುದ್ದಿ ಹೇಳಿದಂತಿತ್ತು. ಡಾಕ್ಟರು ಕೊಟ್ಟ ಹತ್ತರೊಳಗೆ ಎಂಟು ಅಂದರೆ ಸಣ್ಣದೇ.

ಸಿಸ್ಟರಿನ ಮುಖ ಇಳಿಯಿತು. ಓಡುತ್ತ ಹೋಗಿ ಫೋನಿನಲ್ಲಿ ಡಾಕ್ಟರನ್ನು ಕೇಳಿ, ಸೂಜಿ ತಂದಳು. ಅವಳಿಗೆ ಚುಚ್ಚುತ್ತ ನನಗೆ, "ಎಷ್ಟ ತಡಕೊಂಡಾರ ನೋಡ್ರಿ ಯಜಮಾನ್ರ. ನಕ್ಕೋಂತ ಎಂಟ ಅಂತಾರ" ಅಂದಳು. ತಡೆದುಕೊಳ್ಳುವುದು ಇವತ್ತು ಏನಿದೆ ಎಂದು ನನಗೆ ತಿಳಿಯಲಿಲ್ಲ. ಹೆಂಡತಿ ನನ್ನ ಕೈ ಹಿಡಿದುಕೊಂಡು ಮಗಳ ಮಾತು ಆಡುತ್ತಿದ್ದವಳು, ಮಾತಿನ ನಡುವೆಯೇ ನಿದ್ದೆಗೆ ಜಾರಿದಳು.

ಮಗಳು ಮಧ್ಯಾಹ್ನ ಬಂದಳು. ಅವ್ವ ಏಳಲಿಲ್ಲ. ನುಚ್ಚಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ತಾಸು ಕೂತಳು. ಎರಡು ಸಲ ಕಿವಿಯ ಹತ್ತಿರ ಬಾಗಿ "ಯವ್ವಾ, ನಾ ಬಂದೇನಿ" ಅಂದಳು. ಸಂಜೆಯ ಬಸ್ಸಿನ ಹೊತ್ತಾಯಿತು. ಅವಳು ಚೀಲ ಎತ್ತಿಕೊಂಡಳು. ಹನ್ನೆರಡು ದಿನದಲ್ಲಿ ಬಂದ ಒಂದೇ ಒಳ್ಳೆಯ ದಿನವನ್ನು ಇವರು ಮಲಗಿಸಿಬಿಟ್ಟಿದ್ದರು. ಹೆಮ್ಮೆ ಗಿಮ್ಮೆ ಬಿಟ್ಟು ಸೀದಾ ಆ ಮೇಜಿಗೆ ಹೋದೆ.

"ಆರಾಮ ಇದ್ದಾಕಿಗೆ ಯಾಕ ಸೂಜಿ ಮಾಡಿದ್ರಿ?" ಎಂದು ಜೋರಾಗಿಯೇ ಕೇಳಿದೆ.

"ಆರಾಮೆಲ್ಲೈತ್ರಿ? ಎಂಟ ಅಂದ್ರಲ್ಲ" ಎಂದು ಸಿಸ್ಟರ್ ತನ್ನ ಹಿಂದಿನ ಗೋಡೆ ತೋರಿಸಿದಳು. ಅಲ್ಲೊಂದು ಚಿತ್ರಪಟ. ಸಾಲಾಗಿ ದುಂಡು ಮುಖಗಳು, ಕೆಳಗೆ ಅಂಕಿ. ಒಂದರ ಹತ್ತಿರದ ಮುಖ ನಗುತ್ತಿತ್ತು. ಮುಂದೆ ಮುಂದೆ ಹೋದಂತೆ ನಗು ಅಳಿಸಿ, ಹುಬ್ಬು ಗಂಟಾಗಿ, ಹತ್ತರ ಹತ್ತಿರದ ಮುಖ ಕಣ್ಣೀರು ಸುರಿಸುತ್ತಿತ್ತು. ಹನ್ನೆರಡು ದಿನ ನಾನು ಗೋಡೆಗೆ ಮುಖ ಮಾಡಿಕೊಂಡು ದಾಟುತ್ತಿದ್ದೆ ಎಂದೆನಲ್ಲ, ಅದು ಈ ಕಡೆಯ ಗೋಡೆ. ಪಟ ಆ ಕಡೆಯ ಗೋಡೆಯ ಮೇಲಿತ್ತು.

ಮಗಳು ನನ್ನ ಹಿಂದೆಯೇ ಬಂದು ನಿಂತಿದ್ದಳು.

"ಎರಡ ಅಂದ್ರ ಏನ ಹಂಗಾರ?" ಎಂದು ನಾನು ಅವಳನ್ನು ಕೇಳಿದೆ.

"ಕಡಿಮಿ ಅಪ್ಪಾ. ಭಾಳ ಕಡಿಮಿ" ಅಂದವಳು ನನ್ನ ಮುಖ ನೋಡಿ ತಟ್ಟನೆ ನಿಂತಳು. ಅವಳೂ ಆ ಮನೆಯಲ್ಲಿ ಬೆಳೆದವಳಲ್ಲವೇ? ಕೈಯಲ್ಲಿದ್ದ ಚೀಲ ಕೆಳಗೆ ಇಟ್ಟಳು. "ಅಪ್ಪಾ... ಅವ್ವ ನೂಲಿನ ನಂಬರ್ ಹೇಳಿದ್ಲೇನು?"

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಡಾಕ್ಟರು ಬಂದರು. ನಿಂತುಕೊಂಡು ಎಲ್ಲ ಹೇಳಿದೆ. ನೂಲು, ಅದರ ನಂಬರು, ನಮ್ಮ ಮನೆಯ ಮಾತು, ಹನ್ನೊಂದು ದಿನದ ಎರಡು, ಇವತ್ತಿನ ಎಂಟು. ಅಷ್ಟು ಉದ್ದದ ಮಾತನ್ನು ನಾನು ಓದಿದವರ ಮುಂದೆ ಅದುವರೆಗೆ ಆಡಿದ್ದಿಲ್ಲ. ಅವರು ಅವಳ ಕಾಗದವನ್ನು ತೆಗೆದು, ಸಾಲಾಗಿ ಬರೆದಿದ್ದ ಎರಡು, ಎರಡು, ಎರಡುಗಳ ಮೇಲೆ ಬೆರಳು ಆಡಿಸಿದರು.

"ಅಂದರೆ ನಿಮ್ಮದು ಉಲ್ಟಾ" ಅಂದರು ಮೆಲ್ಲಗೆ.

"ನಮ್ದ ಉಲ್ಟಾ ಅಲ್ರಿ. ನಿಮ್ದ ಉಲ್ಟಾ."

ಯಾಕೆ ಹಾಗೆ ಅಂದೆನೋ. ಅಂಥ ಹೊತ್ತಿನಲ್ಲೂ ಸೋಲಲು ಮನಸ್ಸಿರಲಿಲ್ಲ. ಅವರು ಸಿಟ್ಟಾಗಲಿಲ್ಲ. "ಇರಬಹುದು. ನಾನು ಮೊದಲ ದಿನ ಪೂರ್ತಿ ಹೇಳಿ ಕೇಳಬೇಕಿತ್ತು. ನೀವೂ ಒಂದು ಸಲ ಬಂದು ಕೇಳಬಹುದಿತ್ತು" ಅಂದರು. ಅವರು ತಮ್ಮ ಪಾಲಿನ ತಪ್ಪನ್ನು ಎಷ್ಟು ಸರಾಗವಾಗಿ ಹೇಳಿಬಿಟ್ಟರು! ನನ್ನ ಪಾಲಿನದನ್ನು ಅವರೇ ಹೇಳಬೇಕಾಯಿತು.

ಮಾತು ವಿಚಾರವನ್ನು ಕಟ್ಟುತ್ತದೋ, ವಿಚಾರ ಮಾತನ್ನು ಕಟ್ಟುತ್ತದೋ ಎಂದು ಓದಿದವರು ವಾದ ಮಾಡುತ್ತಾರೆ ಎಂದು ಮಗಳು ಆಮೇಲೆ ಒಮ್ಮೆ ಹೇಳಿದಳು. ಬೇರೆ ಬೇರೆ ದೇಶದ, ಬೇರೆ ಬೇರೆ ಭಾಷೆಯವರ ಉದಾಹರಣೆ ಕೊಡುತ್ತಾರಂತೆ. ಅಷ್ಟು ದೂರ ಯಾಕೆ ಹೋಗಬೇಕೋ. ಡಾಕ್ಟರದು ಕನ್ನಡ, ನಮ್ಮದೂ ಕನ್ನಡ. ಎರಡು ಅಂದರೆ ಇಬ್ಬರಿಗೂ ಎರಡೇ. ಆದರೆ ಆ ಅಂಕಿಯನ್ನು ಅವರು ಶಾಲೆಯ ಮಾರ್ಕಿನಂತೆ ಕಂಡರು, ನಾವು ಬೆರಳ ನಡುವೆ ಹಿಡಿದು ತೀಡಿ ನೋಡಿದೆವು. ದಪ್ಪ ನೋವನ್ನು ದೊಡ್ಡ ಅಂಕಿಯಲ್ಲಿ ಹೇಳಬಹುದು ಎಂಬುದು ನಮ್ಮಿಬ್ಬರಿಗೂ ಒಂದು ದಿನವಾದರೂ ಹೊಳೆಯಲಿಲ್ಲ. ಹೊಳೆಯದ್ದನ್ನು ಅನುಮಾನಿಸುವುದು ಹೇಗೆ? ಇದು ನಾನು ನನಗೆ ಹೇಳಿಕೊಳ್ಳುವ ಸಮಾಧಾನ. ಅದು ಪೂರಾ ನಿಲ್ಲುವುದಿಲ್ಲ. ಮಾತು ದಾರಿ ತಪ್ಪಿಸಿದ್ದು ಖರೆ, ಆದರೆ ಮೇಜು ಇದ್ದದ್ದು ಹತ್ತು ಹೆಜ್ಜೆಯ ಮೇಲೆ.

ಮರುದಿನದಿಂದ ಮದ್ದು ಬದಲಾಯಿತು. ಸಿಸ್ಟರ್ ಅವಳಿಗೆ ಅಂಕಿ ಕೇಳುವುದನ್ನೇ ಬಿಟ್ಟಳು. "ಅಕ್ಕಾರ, ಇವತ್ತ ದಪ್ಪೋ ಸಣ್ಣೋ?" ಅನ್ನುವಳು. "ಸಣ್ಣಾಗೈತವಾ, ನಡ್ವ ಒಂದೀಟ ದಪ್ಪ ಬಂದಿತ್ತು, ಹೋತು" ಎಂದು ಇವಳು. ಸೆರಗು ಬಾಯಿಗೆ ಹೋಗುವುದು ನಿಂತಿತು. ಹೆಚ್ಚು ಹೊತ್ತು ನಿದ್ದೆ, ಎದ್ದಾಗ ಮಂಪರು, ಮಾತು ಎರಡೋ ಮೂರೋ. ಮಗಳ ಜೊತೆ ಕೂತು ಆಡಬೇಕೆಂದಿದ್ದ ಮಾತು ಏನೆಂದು ಅವಳಿಗೂ ನೆನಪು ಬರಲಿಲ್ಲ. ಕೇಳಿದರೆ, "ಹೌದೇನ? ಹಂಗಂದಿದ್ನಿ?" ಎಂದು ಮಗಳ ಕೈ ಸವರುವಳು. ಹೀಗೆ ಹದಿನಾರು ದಿನ ಇದ್ದಳು.

ಅದರಲ್ಲಿ ಒಂದು ಮಧ್ಯಾಹ್ನ ಸ್ವಲ್ಪ ಎಚ್ಚರವಾಗಿದ್ದಳು. ನಾನೊಬ್ಬನೇ ಇದ್ದೆ. ಮೇಲಿನ ಫ್ಯಾನು ನೋಡುತ್ತಲೇ ಕೇಳಿದಳು.

"ಏನ್ರಿ, ಈ ಔಷಧ ಮೊದಲ ಇವರ ಹಂತೇಕ ಇರಲಿಲ್ಲೇನ್ರಿ?"

ಖರೆ ಹೇಳಬೇಕು ಎಂದು ಬಾಯಿ ತೆರೆದೆ. ಇತ್ತು, ಆ ಮೇಜಿನ ಹಿಂದಿನ ಕಪಾಟಿನಲ್ಲೇ ಇತ್ತು, ನಾನು ಕೇಳಲಿಲ್ಲ ಎಂದು ಹೇಳಬೇಕಿತ್ತು. ತಡಕೋ ತಡಕೋ ಎಂದು ನಾನು ಅಂದದ್ದು, ಅವಳು ಹೂಂ ಅಂದದ್ದು, ಎಲ್ಲ ನೆನಪಾಯಿತು.

"ಇರಲಿಲ್ಲ" ಅಂದೆ. "ಈಗ ಬಂದೈತಿ. ಬೆಂಗಳೂರಿಂದ ತರಿಸ್ಯಾರ."

ಅವಳು ನಂಬಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯ ಪಾಪ, ಇದು ಬರೂದಕ್ಕಿಂತ ಮೊದಲ ಇಲ್ಲಿ ಇದ್ದು ಹೋದವ್ರು ಎಷ್ಟ ಒದ್ದಾಡಿರಬೇಕ್ರಿ" ಅಂದಳು. "ನಂದು ದೈವ ಛಲೋ."

ನಾನು ಹೂಂ ಅಂದೆ.